ನಮ್ಮ ಕಡೆ ಬಿದಿರಿನಲ್ಲಿ ಬಾಣ ಮಾಡೋದು: ಯಾವ ಕೋಲು, ಯಾವ ಗರಿ, ಯಾವ ಅಂಟು?

ಸೋಂದೆ ಬೆಟ್ಟದವ

ಎಲ್ಲರಿಗೂ ನಮಸ್ಕಾರ. ಬಿಲ್ಲಿನ ಬಗ್ಗೆ ಇಲ್ಲಿ ಬೇಕಾದಷ್ಟು ಮಾತಾಗಿದೆ. ದಡಸಲು ಮರ ಒಳ್ಳೆಯದೋ ಬಿದಿರು ಒಳ್ಳೆಯದೋ ಅಂತ ಜಗಳವೂ ಆಗಿದೆ. ಬಾಣದ ಬಗ್ಗೆ ಮಾತ್ರ ಯಾರೂ ಸರಿಯಾಗಿ ಬರೆದಿಲ್ಲ. ನನ್ನ ಅನುಭವದಲ್ಲಿ ಬಿಲ್ಲು ಸುಮಾರಾಗಿದ್ದರೂ ಬಾಣ ಚೆನ್ನಾಗಿದ್ದರೆ ಗುರಿ ಸಿಗುತ್ತದೆ. ಬಾಣ ಒಂದೊಂದು ಒಂದೊಂದು ಥರ ಇದ್ದರೆ ಎಂಥ ಬಿಲ್ಲು ಹಿಡಿದರೂ ಉಪಯೋಗ ಇಲ್ಲ.

ನಾನು ಹೇಳುತ್ತಿರುವುದು ಅಂಗಡಿ ಸಾಮಾನು ಇಲ್ಲದ ಬಾಣ. ಕೋಲು, ಮೊನೆ, ಗರಿ, ನಾರು, ಅಂಟು ಎಲ್ಲಾ ತೋಟ, ಹಿತ್ತಿಲು, ಕೊಟ್ಟಿಗೆಯ ಸುತ್ತಮುತ್ತಲೇ ಸಿಗಬೇಕು. ಹೊಡೆಯುವುದು ಹುಲ್ಲಿನ ಕಂತೆಗೆ. ಬೇಟೆಯ ಮಾತು ಇಲ್ಲಿ ಬೇಡ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ವಿಷಯ.

ಮೊದಲು ಕೋಲು. ಹಳ್ಳದ ದಂಡೆಯ ವಾಟೆ ಬಿದಿರು ಹಗುರ. ಗಂಟಿನಿಂದ ಗಂಟಿಗೆ ಉದ್ದ ಜಾಸ್ತಿ, ಹಾಗಾಗಿ ತಿದ್ದುವ ಕೆಲಸ ಕಡಿಮೆ. ಆದರೆ ಗೋಡೆ ತೆಳು, ಒತ್ತಿದರೆ ಸೀಳುತ್ತದೆ. ಮರಿಹಾಳ ಬಿದಿರು ನಮ್ಮಲ್ಲಿ ಬೇಲಿ ಬದಿಗೆ ನೆಡುತ್ತಾರಲ್ಲ, ಮುಳ್ಳಿಲ್ಲದ್ದು, ಒಳಗೆ ಹೆಚ್ಚುಕಡಿಮೆ ಗಟ್ಟಿಯೇ ಇರುವಂಥದ್ದು. ಅದರ ತುದಿಯ ಸಪೂರ ಭಾಗ ಇಡಿಯಾಗಿ ಬಾಣಕ್ಕೆ ಆಗುತ್ತದೆ. ಬುಡದ ಭಾಗ ಸೀಳಿ ಉರುಟು ಮಾಡಿಕೊಳ್ಳಬಹುದು. ದೊಡ್ಡ ಮುಳ್ಳುಬಿದಿರನ್ನು ಸೀಳಿಯೇ ಬಳಸಬೇಕು.

ಕಡಿಯುವುದು ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ. ಮಳೆಗಾಲದಲ್ಲಿ ಕಳಲೆ ಏಳುವಾಗ ಕೋಲಿನಲ್ಲಿ ನೀರೂ ಜಾಸ್ತಿ. ಆಗ ಕಡಿದದ್ದು ಒಣಗುವಾಗ ಮುದುಡುತ್ತದೆ, ಕುಟ್ಟೆ ಹುಳವೂ ಬೇಗ ಹಿಡಿಯುತ್ತದೆ. ಹುಳಕ್ಕೆ ಬೇಕಾಗಿರುವುದು ಬಿದಿರಿನೊಳಗಿನ ಪಿಷ್ಟ. ಅದು ಕಡಿಮೆ ಇರುವ ಹೊತ್ತು ನೋಡಿ ಕಡಿದರೆ ಅರ್ಧ ಕೆಲಸ ಆದ ಹಾಗೇ. ಆಮೇಲೆ ನೆರಳಲ್ಲಿ, ಗಾಳಿಯಾಡುವಲ್ಲಿ, ನೆಲಕ್ಕೆ ತಾಗದ ಹಾಗೆ ಕಟ್ಟಿಡಿ. ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಆರು ಬಾಣ ಬೇಕೆಂದರೆ ಇಪ್ಪತ್ತು ಕೋಲಾದರೂ ಒಣಗಿಸಿ. ಸೊಟ್ಟ ಕೋಲನ್ನು ಬೆಂಕಿ ನೆಟ್ಟಗೆ ಮಾಡುತ್ತದೆ. ಬಿಗಿ ಕಡಿಮೆ ಇರುವ ಕೋಲಿಗೆ ಬಿಗಿ ತರಲು ಯಾವ ಬೆಂಕಿಗೂ ಆಗುವುದಿಲ್ಲ. ಒಂದೇ ಥರ ಬಾಗುವ ಆರನ್ನು ಆ ಇಪ್ಪತ್ತರಲ್ಲಿ ಹುಡುಕಬೇಕು. ಬಾಣ ಮಾಡುವವನ ನಿಜವಾದ ಕೆಲಸ ಅದೇ ಅಂತ ನನಗೆ ಅನ್ನಿಸುತ್ತದೆ.

ನನಗೆ ಬೇಕಾಗಿರುವುದು ಮಳೆಗಾಲ ತಡೆಯುವ ಅಂಟು. ಆಷಾಢದಲ್ಲಿ ಗರಿ ಕಿತ್ತು ಬರದ ಹಾಗೆ ಯಾರು ಏನು ಮಾಡುತ್ತೀರಿ, ಹೇಳಿ.

ಯಲ್ಲಾಪುರದ ಹುಡುಗ

ಅಣ್ಣಾ, ನಾನು ಹೊಸಬ. ಮೂರು ವರ್ಷದ ಕೋಲು ಕಡೀಬೇಕು ಅಂತ ಎಲ್ಲರೂ ಹೇಳುತ್ತಾರೆ. ಮೆಳೆಯಲ್ಲಿ ನಿಂತು ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತದೆ. ಗುರುತು ಹಿಡಿಯೋದು ಹೇಗೆ?

ಸೋಂದೆ ಬೆಟ್ಟದವ

ತಮ್ಮಾ, ಸುಲಭ ಇದೆ. ಈ ವರ್ಷದ ಕೋಲಿನ ಗಂಟುಗಳಲ್ಲಿ ಹೊದಿಕೆ ಇನ್ನೂ ಅಂಟಿಕೊಂಡಿರುತ್ತದೆ, ಮೈ ಮೇಲೆ ಬಿಳಿ ಪುಡಿ ಇರುತ್ತದೆ. ಅದನ್ನು ಮುಟ್ಟಬೇಡ. ಎರಡನೇ ವರ್ಷದ್ದು ಹೊಳೆಯುವ ಹಸಿರು. ಬಲಿತ ಕೋಲಿನ ಹಸಿರು ಮಂಕಾಗಿ, ಮೈ ಮೇಲೆ ಅಲ್ಲಲ್ಲಿ ಕಲ್ಲುಹೂವಿನ ಕಲೆ ಇರುತ್ತದೆ. ಕತ್ತಿಯ ಹಿಂಬದಿಯಿಂದ ಬಡಿದರೆ ಗಟ್ಟಿ ಸದ್ದು ಬರುತ್ತದೆ, ಎಳೆಯದು ಬೊದ್ದ ಸದ್ದು ಕೊಡುತ್ತದೆ. ಒಂದು ಮೆಳೆಯಲ್ಲಿ ಸ್ವಲ್ಪ ದಿನ ಓಡಾಡಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಮೆಳೆಯ ಹೊರಗಿನ ಹೊಸ ಕೋಲು ಉಳಿಸಿ ನಡುವಿನ ಹಳೆಯದನ್ನು ತೆಗೆ. ನೆಲದಿಂದ ಎರಡನೇ ಗಂಟಿನ ಸ್ವಲ್ಪ ಮೇಲೆ ಕಡಿ. ಗಂಟಿನ ಮೇಲೆ ಉದ್ದ ಕುತ್ತಿ ಬಿಟ್ಟರೆ ಮಳೆನೀರು ನಿಂತು ಬುಡ ಕೊಳೆಯುತ್ತದೆ.

ಸಿದ್ದಾಪುರ ಕಾನು

ಕಡಿಯಲು ಹೋಗುವ ಮೊದಲು ಎರಡು ವಿಷಯ.

ಒಂದು, ಉಣುಗು. ನೀವು ಹೇಳಿದ ದೀಪಾವಳಿಯಿಂದ ಶಿವರಾತ್ರಿಯ ಕಾಲವೇ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ತಲೆ ಎತ್ತುವ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಈ ರೋಗ ಮೊದಲು ಗುರುತಿಸಿದ್ದು, ನಮ್ಮ ಸಿದ್ದಾಪುರಕ್ಕೆ ಅದು ದೂರದ ಊರಲ್ಲ. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಬೇಕೇ ಬೇಕು. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ಸುದ್ದಿ ಕೊಡಿ.

ಎರಡು, ಜಾಗ. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ನಮ್ಮ ಹೆಸರಿನಲ್ಲಿದ್ದರೂ ನಮಗಿರುವುದು ಸೊಪ್ಪು, ದರಕು (ತರಗೆಲೆ), ಕಟ್ಟಿಗೆಯ ಸವಲತ್ತು. ಜಾಗದ ಒಡೆತನ ಅಲ್ಲ. 2017ರ ಕೊನೆಯಲ್ಲಿ ಅರಣ್ಯ ಕಾಯ್ದೆ ತಿದ್ದಿದ ಮೇಲೆ ಅರಣ್ಯದ ಹೊರಗೆ ಬೆಳೆದ ಬಿದಿರು ಮರದ ಲೆಕ್ಕದಿಂದ ಹೊರಗೆ ಬಂದಿದೆ. ಅದಕ್ಕೇ ಪಟ್ಟಾ ಜಾಗದ ಬಿದಿರಿಗೆ ಈಗ ಮೊದಲಿನ ತೊಡಕಿಲ್ಲ. ಅರಣ್ಯದೊಳಗಿನದಕ್ಕೆ ಹಾಗಲ್ಲ. ಕೇಳದೆ ಕತ್ತಿ ಹಾಕಬೇಡಿ.

ಸೋಂದೆ ಬೆಟ್ಟದವ

ಸಿದ್ದಾಪುರದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಡಿಯುವುದು ತೋಟದ ಅಂಚಿನ ಮರಿಹಾಳ. ಅದು ಪಟ್ಟಾ ಜಾಗದಲ್ಲೇ ಇದೆ. ಇಲ್ಲಿ ಓದುವ ಹೊಸಬರಿಗೂ ಅದನ್ನೇ ಹೇಳುತ್ತೇನೆ. ಹಿತ್ತಿಲಲ್ಲಿ ಒಂದು ಮೆಳೆ ನೆಟ್ಟುಕೊಳ್ಳಿ. ಬೇಲಿಯೂ ಆಯ್ತು, ಬಾಣಕ್ಕೂ ಆಯ್ತು.

ಮುಂಡಗೋಡ ಗಟ್ಟಿಬಿದಿರು

ಇಡೀ ಕೋಲಿನ ಬಾಣ ನನಗೆ ಇಷ್ಟ ಇಲ್ಲ. ನಮ್ಮ ಮುಂಡಗೋಡ, ಹಳಿಯಾಳ ಕಡೆ ಮಳೆ ಕಡಿಮೆ. ಇಲ್ಲಿಯ ಕಿರುಬಿದಿರು ಒಳಗೂ ಗಟ್ಟಿ. ಅದನ್ನು ಸೀಳಿ ಮಾಡಿದ ಕೋಲಿನ ಮುಂದೆ ನಿಮ್ಮ ವಾಟೆ ನಿಲ್ಲಲ್ಲ.

ನಾನು ಮಾಡುವ ಕ್ರಮ ಇದು. ನಾಲ್ಕು ಬೆರಳು ಸುತ್ತಳತೆಗಿಂತ ದಪ್ಪದ ಬಲಿತ ಬಿದಿರು ತೆಗೆದು, ಗಂಟುಗಳು ದೂರ ದೂರ ಇರುವ ಭಾಗ ಆರಿಸಿ, ಒಂದು ಬೆರಳು ಅಗಲದ ಸೀಳು ಮಾಡುತ್ತೇನೆ. ಸೀಳುವಾಗ ಕತ್ತಿ ತಾನೇ ನಾರಿನ ದಾರಿ ಹಿಡಿಯಬೇಕು. ಗರಗಸದಲ್ಲಿ ಕೊಯ್ದರೆ ನಾರು ಕತ್ತರಿಸಿ ಹೋಗುತ್ತದೆ, ಅಂಥ ಕೋಲು ಹೊಡೆಯುವಾಗ ಮುರಿಯುತ್ತದೆ. ಒಳಗಿನ ಮೆತ್ತನೆ ತಿರುಳು ಕೆತ್ತಿ ತೆಗೆದು, ಸಿಪ್ಪೆಯ ಕಡೆಯ ಗಟ್ಟಿ ನಾರು ಉಳಿಸಿಕೊಳ್ಳಬೇಕು. ಬಿದಿರಿನ ಶಕ್ತಿಯೆಲ್ಲ ಹೊರಮೈಯಲ್ಲಿದೆ. ಆಮೇಲೆ ದಪ್ಪ ಕಬ್ಬಿಣದ ತಗಡಿನಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತು ಕೊರೆದು, ಕೋಲನ್ನು ಒಂದೊಂದರಲ್ಲೂ ಎಳೆಯುತ್ತೇನೆ. ಕೊನೆಯ ತೂತು 8 ಮಿಲಿಮೀಟರ್. ಎಲ್ಲಾ ಕೋಲು ಒಂದೇ ದಪ್ಪ ಬರುತ್ತದೆ.

ಸೋಂದೆ ಬೆಟ್ಟದವ

ಗೌಡ್ರೇ, ದಪ್ಪ ಒಂದೇ ಬಂದರೆ ಬಿಗಿಯೂ ಒಂದೇ ಬರುತ್ತದೆ ಅಂತ ಅಲ್ಲ. ಒಂದೇ ಬಿದಿರಿನ ಬುಡದ ಸೀಳೂ ತುದಿಯ ಸೀಳೂ ಬೇರೆ ಬೇರೆ ಬಾಗುತ್ತವೆ. ನಿಮ್ಮದನ್ನೂ ಅಳೆದೇ ಆರಿಸಬೇಕು.

ಇಡೀ ಕೋಲಿಗೆ ಒಂದು ಲಾಭ ಇದೆ. ಗಿಡವೇ ಅದನ್ನು ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ ಮಾಡಿಕೊಟ್ಟಿರುತ್ತದೆ. ದಪ್ಪ ಕಡೆಗೆ ಮೊನೆ, ಸಪೂರ ಕಡೆಗೆ ಗರಿ ಇಟ್ಟರೆ ಭಾರ ತಾನಾಗಿ ಮುಂದೆ ಬೀಳುತ್ತದೆ. ಸಿಪ್ಪೆಯೂ ಸುತ್ತ ಹಾಗೇ ಉಳಿಯುವುದರಿಂದ ಮಳೆಯ ನೀರು ಒಳಗೆ ಹೋಗುವುದು ನಿಧಾನ. ಘಟ್ಟದ ಮೇಲಿನ ಜಡಿಮಳೆಗೆ ಇದು ಸಣ್ಣ ಸಂಗತಿ ಅಲ್ಲ.

ಅಂಕೋಲಾ ಮಾಸ್ತರ್

ಬಿಗಿಯ ಮಾತು ಬಂದದ್ದು ಒಳ್ಳೆಯದಾಯಿತು. ಬಿಲ್ಲುಗಾರರು ಇದನ್ನು ಸ್ಪೈನ್ ಅನ್ನುತ್ತಾರೆ. ಯಾಕೆ ಬೇಕು ಅಂತ ತಿಳಿದುಕೊಂಡರೆ ಆಮೇಲಿನದೆಲ್ಲ ಸಲೀಸು.

ಮರದ ಬಿಲ್ಲಿನಲ್ಲಿ ಬಾಣ ಇರುವುದು ಹಿಡಿಯ ಒಂದು ಬದಿಗೆ. ಹೆದೆ ಮಾತ್ರ ಹಿಡಿಯ ನಡುಭಾಗಕ್ಕೆ ಓಡಿ ಬರುತ್ತದೆ. ಅಂದರೆ ಬಾಣದ ಬಾಲ ನಡುವಿಗೆ ಬರುವಾಗ ಹಿಡಿ ಅದರ ದಾರಿಗೆ ಅಡ್ಡ ನಿಂತಿರುತ್ತದೆ. ಬಾಣ ಬಾಗದೇ ಇದ್ದರೆ ಹಿಡಿಗೆ ಬಡಿದು ಪಕ್ಕಕ್ಕೆ ಹೋಗಬೇಕಿತ್ತು. ಆದರೆ ಹಿಂದಿನಿಂದ ಹೆದೆ ಒಮ್ಮೆಲೇ ತಳ್ಳಿದಾಗ ಕೋಲು ಬಾಗುತ್ತದೆ, ಹಿಡಿಯನ್ನು ಬಳಸಿಕೊಂಡು, ಹಾವು ಈಜಿದ ಹಾಗೆ ಎಡಬಲ ಬಾಗುತ್ತಾ ಹೊರಗೆ ಬರುತ್ತದೆ, ಮುಂದೆ ಹೋದಂತೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಇದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ. ಕೋಲು ತೀರಾ ಬಿಗಿಯಾದರೂ ತೀರಾ ಮೆತ್ತಗಾದರೂ ಈ ಬಾಗುವಿಕೆ ತಪ್ಪುತ್ತದೆ.

ಮನೆಯಲ್ಲೇ ಅಳೆಯಬಹುದು. ಗೋಡೆಗೆ ಎರಡು ಮೊಳೆ, ನಡುವೆ 66 ಸೆಂಟಿಮೀಟರ್ (26 ಇಂಚು) ಅಂತರ, ಎರಡೂ ಒಂದೇ ಮಟ್ಟದಲ್ಲಿ. ಮೇಲೆ ಕೋಲು ಇಡಿ. ಕೋಲಿನ ನಟ್ಟನಡುವೆ 907 ಗ್ರಾಂ ತೂಕ ನೇತು ಹಾಕಿ. ನೀರು ತುಂಬಿದ ಬಾಟಲಿ ಸಾಕು, ಬಾಟಲಿ ಮತ್ತು ದಾರ ಸೇರಿ 907 ಆಗಬೇಕು, ಅದು ಎರಡು ಪೌಂಡ್. ನಡುಭಾಗ ಎಷ್ಟು ಇಂಚು ಕೆಳಗೆ ಬಾಗಿತು ಅಂತ ಸ್ಕೇಲು ಹಿಡಿದು ನೋಡಿ. 26ನ್ನು ಆ ಇಂಚಿನಿಂದ ಭಾಗಿಸಿದರೆ ಬಿಗಿ ಪೌಂಡಿನಲ್ಲಿ ಬರುತ್ತದೆ. 22 ಮಿಲಿಮೀಟರ್ ಬಾಗಿದರೆ 30 ಪೌಂಡ್. 16 ಅಥವಾ 17 ಬಾಗಿದರೆ 40. 13 ಬಾಗಿದರೆ 50.

ಹಿಡಿಯಲ್ಲಿ ಬಾಣಕ್ಕೆ ಕಚ್ಚು ಕೊರೆಯದ ಊರ ಬಿಲ್ಲಿಗೆ ಅದರ ಎಳೆತಕ್ಕಿಂತ ಐದರಿಂದ ಹತ್ತು ಪೌಂಡ್ ಕಡಿಮೆ ಬಿಗಿಯ ಕೋಲು ಹೊಂದುತ್ತದೆ. ನಿಮ್ಮ ಬಿಲ್ಲನ್ನು ಎಳೆಯಲು 35 ಪೌಂಡ್ ಬಲ ಬೇಕಾದರೆ, ಅಂದರೆ ಹತ್ತಿರ ಹತ್ತಿರ 16 ಕಿಲೋ, 22ರಿಂದ 26 ಮಿಲಿಮೀಟರ್ ಬಾಗುವ ಕೋಲು ಹುಡುಕಿ. ಒಂದು ಕಟ್ಟಿನ ಎಲ್ಲಾ ಕೋಲುಗಳ ನಡುವೆ ಒಂದೆರಡು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬೇಡ.

ತೂಕವೂ ನೋಡಿ. 35 ಪೌಂಡ್ ಬಿಲ್ಲಿಗೆ ಪೂರ್ತಿ ತಯಾರಾದ ಬಾಣ 18ರಿಂದ 23 ಗ್ರಾಂ ಇರಲಿ. ತೀರಾ ಹಗುರದ ಬಾಣ ಬಿಟ್ಟರೆ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಬಿಲ್ಲಿಗೇ ವಾಪಸ್ ಬಡಿಯುತ್ತದೆ, ಬಿಲ್ಲೇ ಮುರಿಯಬಹುದು.

ಯಲ್ಲಾಪುರದ ಹುಡುಗ

ಮಾಸ್ತರ್ರೇ, ಇದನ್ನ ಇವತ್ತೇ ಮಾಡಿ ನೋಡುತ್ತೇನೆ. ಒಣಗದ ಕೋಲನ್ನು ಅಳೆದರೆ ಆಗಲ್ವಾ?

ಅಂಕೋಲಾ ಮಾಸ್ತರ್

ಆಗುವುದಿಲ್ಲ ಮಗಾ. ಹಸಿ ಕೋಲು ಜಾಸ್ತಿ ಬಾಗುತ್ತದೆ, ಒಣಗಿದ ಮೇಲೆ ಬೇರೆ ಲೆಕ್ಕ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗು. ತೂಕ ಇಳಿಯುವುದು ನಿಂತ ಮೇಲೆ ಅಳೆ.

ಸೋಂದೆ ಬೆಟ್ಟದವ

ನೆಟ್ಟಗೆ ಮಾಡುವುದನ್ನೂ ಬರೆದುಬಿಡುತ್ತೇನೆ, ಅಳೆಯುವ ಮೊದಲು ಅದು ಆಗಬೇಕು.

ಜ್ವಾಲೆ ಬೇಡ, ಕೆಂಡ ಬೇಕು. ತೆಂಗಿನ ಚಿಪ್ಪಿನ ಕೆಂಡ ನನಗೆ ಇಷ್ಟ, ಶಾಖ ಒಂದೇ ಸಮ ಇರುತ್ತದೆ. ಕೋಲನ್ನು ಕೆಂಡದ ಮೇಲೆ ತಿರುಗಿಸುತ್ತಾ ಇರಬೇಕು, ಒಂದು ಕಡೆ ನಿಲ್ಲಿಸಬಾರದು. ಮೈ ಮೇಲೆ ಸಣ್ಣಗೆ ಎಣ್ಣೆಯಂಥ ಹೊಳಪು ಬರುತ್ತದೆ. ಅದೇ ಹೊತ್ತು. ಆಗ ಬಾಗಿದ ಜಾಗವನ್ನು ಉಲ್ಟಾ ಬಾಗಿಸಿ, ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ ಬಾಗಿಸಿ, ಪೂರ್ತಿ ತಣ್ಣಗಾಗುವವರೆಗೆ ಹಿಡಿದುಕೊಳ್ಳಿ. ಹಳೆ ಗೋಣಿ ತುಂಡು ಕೈಗೆ ಸುತ್ತಿಕೊಂಡಿರಿ. ಗಂಟಿನ ಹತ್ತಿರದ ಸೊಟ್ಟ ಮೊದಲು, ಗಂಟುಗಳ ನಡುವಿನದು ಆಮೇಲೆ. ಒಂದು ಕಣ್ಣು ಮುಚ್ಚಿ ಕೋಲಿನುದ್ದಕ್ಕೂ ನೋಡುತ್ತಿದ್ದರೆ ಎಲ್ಲಿ ತಪ್ಪಿದೆ ಅಂತ ಕಾಣುತ್ತದೆ. ಒಂದೇ ದಿನ ಎಲ್ಲಾ ಮುಗಿಸಲು ಹೋಗಬೇಡಿ. ಒಂದಷ್ಟು ದಿನ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಮತ್ತೆ ತಿದ್ದಬೇಕು. ಆಮೇಲೆ ನಿಲ್ಲುತ್ತದೆ.

ಗಂಟಿನ ಉಬ್ಬು ಚಾಕುವಿನಿಂದ ಕೆರೆದು, ಗರಗತ್ತಿ ಎಲೆಯಿಂದ ತಿಕ್ಕಿ. ನಮ್ಮ ಶಿರಸಿ ಕಡೆಯ ಗುಡಿಗಾರರು ಗಂಧದ ಕೆತ್ತನೆ ನುಣುಪು ಮಾಡಲು ಬಳಸುತ್ತಿದ್ದ ಎಲೆಯ ಜಾತಿಯೇ ಇದು. ಉಪ್ಪುಕಾಗದ ಇಲ್ಲದೆಯೂ ಕೈಗೆ ತಾಗದಷ್ಟು ನುಣುಪಾಗುತ್ತದೆ.

ಹೆದೆ ಕೂರುವ ಕಚ್ಚು ಕೊರೆಯುವಾಗ, ಅದರ ತಳದ ಕೆಳಗೆ ಒಂದು ಸೆಂಟಿಮೀಟರ್ ಒಳಗೇ ಒಂದು ಗಂಟು ಬರುವ ಹಾಗೆ ಕೋಲು ಕತ್ತರಿಸಿಕೊಳ್ಳಿ. ಗಂಟಿನ ತಡೆ ಇಲ್ಲದಿದ್ದರೆ ಹೆದೆಯ ಏಟಿಗೆ ಕೋಲು ಸೀಳುತ್ತದೆ. ಮೇಲೆ ನಾರು ಬಿಗಿಯಾಗಿ ಸುತ್ತಲೇಬೇಕು.

ಕಾರವಾರದ ಅಕ್ಕೋರು

ಗರಿಯ ಬಗ್ಗೆ ನಾನು ಹೇಳುತ್ತೇನೆ. ಶಾಲೆ ಮಕ್ಕಳ ಜೊತೆ ಕೆಲಸ ಮಾಡುವವಳು, ಹಾಗಾಗಿ ಈ ವಿಷಯದಲ್ಲಿ ಖಡಾಖಂಡಿತ ಇರುತ್ತೇನೆ.

ಗಿಡುಗ, ಹದ್ದು, ಗರುಡ, ಗೂಬೆ, ಇವುಗಳ ಗರಿ ನೆಲದ ಮೇಲೆ ಬಿದ್ದು ಸಿಕ್ಕಿದರೂ ಬಳಸಬೇಡಿ. ಹಳೆ ಕಾಲದ ಬಾಣಗಳಿಗೆ ರಣಹದ್ದು, ಬಕ ಜಾತಿಯ ಹಕ್ಕಿಗಳ ಗರಿ ಕಟ್ಟುತ್ತಿದ್ದರು, ನಿಜ. ಈಗ ರಣಹದ್ದು ಕಣ್ಣಿಗೆ ಬೀಳುವುದೇ ಕಷ್ಟ. ನವಿಲಿನ ವಿಷಯದಲ್ಲಿ ಕೂಡ ವನ್ಯಜೀವಿ ಕಾಯ್ದೆಯ ವಿನಾಯಿತಿ ಇರುವುದು ಬಾಲದ ಗರಿಗೆ. ಶಿರಸಿಯ ಬೇಡರ ವೇಷದಲ್ಲಿ ಬೆನ್ನಿಗೆ ಕಟ್ಟುವ ಆ ಗರಿ ಬಾಣಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ನಿಲ್ಲುವುದಿಲ್ಲ. ಬಾಣಕ್ಕೆ ಬೇಕಾಗುವುದು ರೆಕ್ಕೆಯ ಗರಿ.

ಸಾಕಿದ ಟರ್ಕಿ ಕೋಳಿ, ಹೆಬ್ಬಾತು, ದೊಡ್ಡ ಹುಂಜ ಇವುಗಳ ರೆಕ್ಕೆಯ ತುದಿಯ ಉದ್ದ ಗರಿ ಸಾಕು. ಗರಿ ಉದುರುವ ಕಾಲದಲ್ಲಿ ಕೋಳಿ ಗೂಡಿನ ಕೆಳಗೆ ಬಿದ್ದಿರುತ್ತದೆ, ಆರಿಸಿದರಾಯಿತು. ಒಂದು ಬಾಣದ ಮೂರು ಗರಿಯೂ ಒಂದೇ ಬದಿಯ ರೆಕ್ಕೆಯದ್ದಾಗಿರಲಿ. ಎಡ ರೆಕ್ಕೆಯ ಗರಿ ಒಂದು ಕಡೆ ಬಾಗಿರುತ್ತದೆ, ಬಲದ್ದು ಇನ್ನೊಂದು ಕಡೆ. ಬೆರೆಸಿದರೆ ಒಂದು ಬಾಣವನ್ನು ಒಂದು ಕಡೆ ತಿರುಗಿಸಲು ನೋಡುತ್ತದೆ, ಇನ್ನೊಂದು ತಡೆಯುತ್ತದೆ. ಸಂಗ್ರಹಿಸುವಾಗಲೇ ಎಡ, ಬಲ ಅಂತ ಎರಡು ಲಕೋಟೆ ಮಾಡಿ.

ಗರಿಯ ಕಡ್ಡಿಯನ್ನು ನಡುವೆ ಸೀಳಿ, ಒಳಗಿನ ಬಿಳಿ ತಿರುಳು ಕೆರೆದು ತೆಳು ಮಾಡಿ, ಸುಮಾರು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಡೊಂಕಾಗಿದ್ದರೆ ಇಡ್ಲಿ ಪಾತ್ರೆಯ ಹಬೆಗೆ ಹಿಡಿದರೆ ಸರಿಯಾಗುತ್ತದೆ. ಮೂರೂ ಸಮ ದೂರದಲ್ಲಿ ಕೂರಬೇಕು. ಒಂದು ಗರಿ ಮಾತ್ರ ಕಚ್ಚಿಗೆ ಅಡ್ಡಲಾಗಿ, ಬಿಲ್ಲಿನ ಹಿಡಿಯಿಂದ ಆಚೆಗೆ ಇರಲಿ. ಅದಕ್ಕೆ ಬೇರೆ ಬಣ್ಣದ ಗರಿ ಹಾಕಿದರೆ ಮಕ್ಕಳಿಗೆ ಬಾಣ ಹೂಡುವಾಗ ಗೊಂದಲ ಇರುವುದಿಲ್ಲ.

ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅಂತಲೇ ಒಂದು ವಿಭಾಗ ಇದೆ. ಅದರಲ್ಲಿ ಬಿದಿರಿನ ಬಿಲ್ಲು ಹಿಡಿದು 30 ಮತ್ತು 50 ಮೀಟರ್ ದೂರಕ್ಕೆ ಹೊಡೆಯುತ್ತಾರೆ. ದುಬಾರಿ ಸಾಮಾನು ಕೊಳ್ಳಲಾಗದ ಹಳ್ಳಿ ಮಕ್ಕಳಿಗೆ ಇದು ಒಳ್ಳೆಯ ಬಾಗಿಲು. ನಮ್ಮ ಜಿಲ್ಲೆಯ ಮಕ್ಕಳು ಅಲ್ಲಿ ಕಾಣಬೇಕು ಅಂತ ನನ್ನ ಆಸೆ.

ಹುಲೇಕಲ್ ತೋಟ

ಅಕ್ಕೋರೇ, ನಮ್ಮ ಮನೆಯಲ್ಲಿ ಕೋಳಿ ಸಾಕುವುದಿಲ್ಲ, ಗರಿ ಮನೆಯೊಳಗೆ ತಂದರೆ ಅಮ್ಮ ಒಪ್ಪುವುದಿಲ್ಲ. ಒಣಗಿದ ಅಡಿಕೆ ಹಾಳೆ ಕತ್ತರಿಸಿ ಗರಿಯ ಬದಲು ಹಾಕಬಹುದಲ್ವಾ? ಹಾಳೆ ತೋಟದ ತುಂಬ ಬಿದ್ದಿದೆ.

ಕಾರವಾರದ ಅಕ್ಕೋರು

ಹಾಳೆ ದಪ್ಪ, ಗಡಸು. ಹಕ್ಕಿಯ ಗರಿ ಹಿಡಿಗೆ ತಾಗಿದಾಗ ಮಲಗಿ, ದಾಟಿದ ಮೇಲೆ ಎದ್ದು ನಿಲ್ಲುತ್ತದೆ. ಹಾಳೆ ಮಲಗುವುದಿಲ್ಲ. ಹಿಡಿಗೆ ಬಡಿದು ಬಾಣದ ಬಾಲವನ್ನು ಎಗರಿಸುತ್ತದೆ. ಹಾಳೆಯ ಒಳಮೈಯ ತೆಳು ಪೊರೆ ಬಿಡಿಸಿ ಹಾಕಿದರೆ ಹತ್ತಿರದ ಗುರಿಗೆ ನಡೆಯುತ್ತದೆ, ಮಳೆಗೆ ಮಾತ್ರ ಅದು ಮೆತ್ತಗಾಗುತ್ತದೆ.

ಅಂಕೋಲಾ ಮಾಸ್ತರ್

ಗರಿ ಇಲ್ಲದೆಯೂ ದಾರಿ ಇದೆ, ಹುಲೇಕಲ್ ತಮ್ಮಾ. ನ್ಯೂಗಿನಿ ದ್ವೀಪದ ಜನರ ಬಾಣಕ್ಕೆ ಗರಿಯೇ ಇಲ್ಲ. ಉದ್ದನೆಯ ಹಗುರ ಜೊಂಡಿನ ಕೋಲು, ಮುಂದೆ ಭಾರದ ಗಟ್ಟಿ ಮರದ ತುಂಡು. ಭಾರವೆಲ್ಲ ಮುಂದಿದ್ದರೆ ಹಗುರವಾದ ಬಾಲ ತಾನೇ ಹಿಂದೆ ಬರುತ್ತದೆ. ಹತ್ತಿರದ ಗುರಿಗೆ ಮಾತ್ರ, ಹದಿನೈದು ಇಪ್ಪತ್ತು ಹೆಜ್ಜೆ ಅಂತ ಇಟ್ಟುಕೊಳ್ಳಿ.

ನಮ್ಮಲ್ಲಿ ಆ ಮುಂಗೋಲಿಗೆ ಹೇಳಿ ಮಾಡಿಸಿದ ಮರ ಬೈನೆ, ಅದೇ ಬಗನಿ. ಬಿದ್ದ ಬೈನೆ ಮರದ ಹೊರಗಿನ ಕಪ್ಪು ಕವಚ ನೋಡಿದ್ದೀರಲ್ಲ, ಕತ್ತಿಯ ಬಾಯಿ ಮಡಚುವಷ್ಟು ಗಟ್ಟಿ. ಅದರಿಂದ ಒಂದು ಗೇಣು ಉದ್ದದ ಮೊನೆ ಕೆತ್ತಿ, ವಾಟೆ ಕೋಲಿನ ಟೊಳ್ಳಿನೊಳಗೆ ನಾಲ್ಕು ಬೆರಳು ಇಳಿಯುವ ಹಾಗೆ ಸಪೂರ ಮಾಡಿ, ಅಂಟು ಹಾಕಿ ಕೂರಿಸಿ, ಹೊರಗಿಂದ ನಾರು ಸುತ್ತಿ. ಬೈನೆ ಸಿಗದಿದ್ದರೆ ಹಳೆ ಅಡಿಕೆ ದಬ್ಬೆ ಆಗುತ್ತದೆ. ಮೊನೆ ಮುರಿದರೆ ಮುಂಗೋಲು ಮಾತ್ರ ಬದಲಾಯಿಸಿದರೆ ಸಾಕು, ಕೋಲು ಉಳಿಯುತ್ತದೆ.

ಇದು ಬಹಳ ಹಳೆಯ ಉಪಾಯ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಿಂದಿನ ಏಟ್ಸಿ ಎಂಬ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣದ ಕೋಲುಗಳಿದ್ದವು. ಪೂರ್ತಿಯಾಗಿದ್ದದ್ದು ಎರಡೇ. ಗರಿಯನ್ನು ಮರದ ಅಂಟಿನಿಂದ ಕೂರಿಸಿ ಮೇಲೆ ದಾರ ಸುತ್ತಿದ್ದ. ಒಂದರಲ್ಲಿ ಬೇರೆ ಮರದ ಮುಂಗೋಲೂ ಇತ್ತು. ನಮಗೆ ಇನ್ನೂ ಹತ್ತಿರದ ಉದಾಹರಣೆ ಶ್ರೀಲಂಕಾದ ಫಾಹಿಯನ್ ಗುಹೆ. ಅಲ್ಲಿ 48 ಸಾವಿರ ವರ್ಷ ಹಳೆಯ ಮೂಳೆಯ ಬಾಣದ ಮೊನೆಗಳು ಸಿಕ್ಕಿವೆ. ಅದು ನಮ್ಮ ಕಾನಿನಂಥದ್ದೇ ಮಳೆಕಾಡು. ಇಂಥ ಕಾಡಿನಲ್ಲಿ ಕೈಗೆ ಸಿಕ್ಕಿದ್ದರಿಂದಲೇ ಬಾಣ ಮಾಡುವ ವಿದ್ಯೆ ಅಷ್ಟು ಹಿಂದಿನದು ಅಂತ ತಿಳಿದಾಗ ನನಗೆ ನಿಜವಾಗಿ ಖುಷಿಯಾಯಿತು.

ಸಿದ್ದಾಪುರ ಕಾನು

ಸೋಂದೆಯವರು ಮೊದಲೇ ಕೇಳಿದ ಅಂಟಿನ ಪ್ರಶ್ನೆಗೆ ಉತ್ತರ ಯಾರೂ ಕೊಟ್ಟಿಲ್ಲ. ನಾನು ಮಾಡುವುದು ಹೇಳುತ್ತೇನೆ.

ಅಕ್ಕಿಗಂಜಿ, ಮೈದಾ, ಚರ್ಮದ ಸರೇಸು, ಇವು ಯಾವುವೂ ನಮ್ಮ ಮಳೆಗೆ ಆಗುವುದಿಲ್ಲ. ಗಾಳಿಯ ತೇವ ಕುಡಿದು ಮೆತ್ತಗಾಗಿ, ಬೂಷ್ಟು ಹಿಡಿಯುತ್ತವೆ. ಹಲಸಿನ ಮೇಣ ನೀರಿಗೆ ಹೆದರುವುದಿಲ್ಲ, ಆದರೆ ಒಂದನ್ನೇ ಹಾಕಿದರೆ ಜಿಗುಟು ಹೋಗುವುದಿಲ್ಲ. ನಮಗೆ ಬೇಕಾಗಿರುವುದು ರಾಳ. ಧೂಪದ ಮರದಿಂದ ತಾನಾಗಿ ಒಸರಿ ಗಟ್ಟಿಯಾದ ತುಂಡು ಆರಿಸಿಕೊಳ್ಳಿ. ಅಂಟಿಗಾಗಿ ಮರಕ್ಕೆ ಕತ್ತಿ ಹಾಕಬೇಡಿ, ಈ ಮರಗಳು ಹಾಗೆ ಕೊಚ್ಚಿಸಿಕೊಂಡೇ ಕಡಿಮೆಯಾಗಿವೆ.

ರಾಳ ಐದು ಪಾಲು, ತುಡುವೆ ಜೇನಿನ ಮೇಣ ಒಂದು ಪಾಲು, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಇದ್ದಿಲು ಒಂದು ಪಾಲು. ರಾಳವನ್ನು ಸಣ್ಣ ಕೆಂಡದ ಮೇಲೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮೇಣ ಹಾಕಿ, ಕೊನೆಗೆ ಇದ್ದಿಲು. ಕುದಿಸಬಾರದು, ಕುದಿಸಿದರೆ ಗಾಜಿನಂತಾಗಿ ಏಟಿಗೆ ಉದುರುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ, ಮನೆಯೊಳಗೆ ಮಾಡಬೇಡಿ, ಪಕ್ಕದಲ್ಲಿ ಮುಚ್ಚಲು ಒಂದು ತಟ್ಟೆ ಇರಲಿ. ಉಗುರಿನಿಂದ ಒತ್ತಿದಾಗ ಗುರುತು ಬೀಳಬೇಕು, ಆದರೆ ಅಂಟಬಾರದು. ಮಳೆಗಾಲದ ತಂಪಿಗೆ ಮೇಣ ಒಂದು ಚೂರು ಜಾಸ್ತಿ, ಬೇಸಿಗೆಗೆ ಕಡಿಮೆ. ಮಿಸರಿ ಜೇನಿನ ಮೇಣ ಸಿಕ್ಕರೆ ಅದನ್ನೇ ಹಾಕಿ. ಅದರಲ್ಲಿ ರಾಳವೂ ಸೇರಿರುವುದರಿಂದ ಹಿಡಿತ ಜಾಸ್ತಿ.

ಇಷ್ಟಾದರೂ ಅಂಟನ್ನು ನಂಬಿ ಕೂರಬೇಡಿ. ಗರಿಯನ್ನು ಹಿಡಿದಿಡುವುದು ನಾರು. ಅಂಟು ಅದಕ್ಕೆ ಜೊತೆ ಮಾತ್ರ.

ಬನವಾಸಿ ಅನಾನಸ್

ನಾರಿಗೆ ನಮ್ಮೂರ ಅನಾನಸ್ ಎಲೆ ನೋಡಿ. ಹಣ್ಣು ಕೊಯ್ದ ಮೇಲೆ ಎಲೆ ಸುಮ್ನೆ ಬಿದ್ದಿರುತ್ತದೆ. ಉದ್ದ ಎಲೆ ತೆಗೆದು, ಹಲಗೆ ಮೇಲಿಟ್ಟು, ತೆಂಗಿನ ಚಿಪ್ಪಿನ ಅಂಚಿನಿಂದ ಹಸಿರು ಕೆರೆದು ತೆಗೆದರೆ ಒಳಗೆ ಬಿಳಿ ನಾರು ಸಿಗುತ್ತದೆ, ರೇಷ್ಮೆಯಷ್ಟು ಸಪೂರ. ತೊಳೆದು ನೆರಳಲ್ಲಿ ಒಣಗಿಸಿ. ಭೂತಾಳೆ ನಾರು ಗಟ್ಟಿ ಹೌದು, ಆದರೆ ಒರಟು, ಗರಿಯ ಎಳೆಗಳ ನಡುವೆ ಸುತ್ತುವಾಗ ಎಳೆ ಹರಿಯುತ್ತದೆ. ಹಸಿ ರಸ ಕೈಗೆ ತುರಿಕೆ ಬೇರೆ. ಮೊನೆಯ ಕಡೆಗೆ ಭೂತಾಳೆ, ಗರಿಯ ಕಡೆಗೆ ಅನಾನಸ್, ಇದು ನನ್ನ ಲೆಕ್ಕ.

ಸುತ್ತುವಾಗ ನಾರನ್ನು ಒದ್ದೆ ಮಾಡಿಕೊಳ್ಳಿ. ಗಂಟು ಹಾಕಬೇಡಿ, ತುದಿಯನ್ನು ಸುತ್ತಿನ ಕೆಳಗೇ ಎಳೆದು ಮುಚ್ಚಿ. ಗಂಟು ಕೈಗೆ ತಾಗುತ್ತದೆ.

ಕುಮಟಾ ಬಂದರು

ಮೇಲೆ ಹಚ್ಚಲು ಏನು ಅಂತ ಯಾರೂ ಹೇಳಿಲ್ಲ. ಕರಾವಳಿಯಲ್ಲಿ ಮರದ ದೋಣಿಗೆ ಹಚ್ಚುತ್ತಿದ್ದ ಹೊನ್ನೆಕಾಯಿ ಎಣ್ಣೆ ಬಾಣದ ಕೋಲಿಗೂ ಒಳ್ಳೆಯದು. ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ ಒಣಗಲು ಬಿಡಿ, ಮತ್ತೆ ತಿಕ್ಕಿ. ಗೇರುಬೀಜದ ಸಿಪ್ಪೆ ಎಣ್ಣೆ ಇನ್ನೂ ಗಟ್ಟಿ, ಒರಲೆ, ಹುಳ ಹತ್ತಿರ ಬರುವುದಿಲ್ಲ. ಆದರೆ ಅದು ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ. ಮಕ್ಕಳು ಹಿಡಿಯುವ ಬಾಣಕ್ಕಂತೂ ಬೇಡವೇ ಬೇಡ.

ಇಡುವ ಜಾಗವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ.

ಸೋಂದೆ ಬೆಟ್ಟದವ

ನಮ್ಮ ಮನೆಯಲ್ಲಿ ಬಾಣ ಇಡುವುದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ನೇತು ಹಾಕಿ. ದಿನಾ ಬೆಳಿಗ್ಗೆ ಸ್ವಲ್ಪ ಹೊಗೆ, ಸ್ವಲ್ಪ ಬೆಚ್ಚಗೆ. ಹುಳ ಇಲ್ಲ, ಬೂಷ್ಟು ಇಲ್ಲ. ರಾಳ ಕರಗುವಷ್ಟು ಹತ್ತಿರ ಮಾತ್ರ ಬೇಡ. ಗೋಡೆಗೆ ಒರಗಿಸಿ ಇಟ್ಟರೆ ಕೋಲು ಬಾಗುತ್ತದೆ, ಅದಕ್ಕೇ ನೇತು ಹಾಕುವುದು.

ಸಿದ್ದಾಪುರದವರ ಅಂಟಿನ ಪಾಕ ಈ ಸಲ ಮಾಡುತ್ತೇನೆ. ಬನವಾಸಿಯವರಿಗೂ ಥ್ಯಾಂಕ್ಸ್, ಅನಾನಸ್ ನಾರಿನ ವಿಷಯ ನನಗೆ ಹೊಸದು.

ಒಂದು ಎಚ್ಚರಿಕೆ ಎಲ್ಲರಿಗೂ. ಪ್ರತಿ ಸಲ ಹೊಡೆಯುವ ಮೊದಲು ಬಾಣವನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಬಾಗಿಸಿ ನೋಡಿ. ಚಿಟ್ ಅಂತ ಸದ್ದು ಬಂದರೆ, ಅಥವಾ ಉಗುರು ಎಳೆದಾಗ ಬಿರುಕು ಸಿಕ್ಕಿದರೆ, ಅಲ್ಲೇ ಮುರಿದು ಒಲೆಗೆ ಹಾಕಿ. ಬಿರುಕು ಬಿಟ್ಟ ಬಿದಿರು ಹೆದೆಯ ಏಟಿಗೆ ಒಡೆದರೆ ಚೂರು ನೇರ ಬಿಲ್ಲು ಹಿಡಿದ ಕೈಗೆ ನುಗ್ಗುತ್ತದೆ. ಎಷ್ಟು ಚೆಂದದ ಬಾಣವಾದರೂ ಉಳಿಸಿಕೊಳ್ಳುವ ಆಸೆ ಬೇಡ.

ಮುಂಡಗೋಡ ಗಟ್ಟಿಬಿದಿರು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಾಸ್ತರ್ರು ಹೇಳಿದ ಹಾಗೆ ಮೊಳೆ ಹೊಡೆದು ನನ್ನ ಕೋಲುಗಳನ್ನು ಅಳೆದೆ. ಒಂದೇ ತೂತಿನಲ್ಲಿ ಎಳೆದವೇ, ಆದರೂ ಕೆಲವು 18 ಬಾಗುತ್ತವೆ, ಕೆಲವು 24. ಈಗ ಬೇರೆ ಬೇರೆ ಕಟ್ಟು ಮಾಡಿ ಬಣ್ಣದ ಗುರುತು ಹಾಕಿದ್ದೇನೆ. ಸೀಳಿದ ಕೋಲೇ ಮೇಲು ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಬೇಕಾದಷ್ಟು ಬಿಗಿ ಬರುವವರೆಗೆ ಕೆರೆದು ಇಳಿಸಬಹುದು. ಇಡೀ ಕೋಲಿನಲ್ಲಿ ಆ ಅವಕಾಶ ಇಲ್ಲ.

ಸೋಂದೆ ಬೆಟ್ಟದವ

ಅದು ಒಳ್ಳೆಯ ಮಾತು ಗೌಡ್ರೇ, ಒಪ್ಪಿದೆ.

ಯಲ್ಲಾಪುರದ ಹುಡುಗ

ಅಣ್ಣಾ, ಮಾಸ್ತರ್ರೇ, ಒಣಗಿದ ಹಳೆ ಮರಿಹಾಳ ಕೋಲು ಮನೆಯಲ್ಲೇ ಇತ್ತು. ನೆಟ್ಟಗೆ ಮಾಡಿ, ಅಳೆದು, ಹುಂಜದ ಗರಿ ಕಟ್ಟಿ ಹೊಡೆದೆ. ನಾನು ಬಲಗೈಯಲ್ಲಿ ಎಳೆಯುವವನು. ಬಾಣ ಪ್ರತಿ ಸಲ ಗುರಿಯ ಎಡಕ್ಕೇ ಹೋಗುತ್ತದೆ, ಒಂದೇ ಜಾಗಕ್ಕೆ. ಗರಿ ತಪ್ಪಾಯ್ತಾ?

ಅಂಕೋಲಾ ಮಾಸ್ತರ್

ಎಲ್ಲಾ ಒಂದೇ ಜಾಗಕ್ಕೆ ಹೋಗುತ್ತಿದೆ ಅಂದರೆ ನಿನ್ನ ಕೋಲುಗಳು ಚೆನ್ನಾಗಿ ಹೊಂದಿವೆ, ಅದು ದೊಡ್ಡ ವಿಷಯ. ಬಲಗೈಯವನಿಗೆ ಎಡಕ್ಕೆ ಹೋದರೆ ಕೋಲು ನಿನ್ನ ಬಿಲ್ಲಿಗೆ ಬಿಗಿ ಜಾಸ್ತಿ. ಬಲಕ್ಕೆ ಹೋಗಿದ್ದರೆ ಮೆತ್ತಗೆ. ಗರಿ ಕಟ್ಟದ ಒಂದು ಕೋಲನ್ನು ಹತ್ತು ಹೆಜ್ಜೆ ದೂರದಿಂದ ಹೊಡೆದು ನೋಡು, ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ, ಗರಿ ಇದ್ದರೆ ತಪ್ಪನ್ನು ಅರ್ಧ ಮುಚ್ಚಿಬಿಡುತ್ತದೆ. ಬಿಗಿ ಇಳಿಸಲು ಮೊದಲು ಮೊನೆ ಭಾರ ಮಾಡು. ಬೈನೆಯ ಉದ್ದನೆ ಮೊನೆ ಹಾಕಿದರೆ ಎರಡು ಮೂರು ಗ್ರಾಂ ಸುಲಭವಾಗಿ ಏರುತ್ತದೆ. ಬಾಣವನ್ನು ಬೆರಳ ಮೇಲೆ ತೂಗಿ ನೋಡು, ತೂಕ ಸಮ ನಿಲ್ಲುವ ಜಾಗ ನಡುವಿನಿಂದ ಏಳೆಂಟು ಸೆಂಟಿಮೀಟರ್ ಮುಂದೆ ಇರಲಿ. ಅದಕ್ಕೂ ಎಡಕ್ಕೇ ಹೋದರೆ ಕೋಲಿನ ನಡುಭಾಗವನ್ನು ಗರಗತ್ತಿ ಎಲೆಯಿಂದ ಸುತ್ತ ಒಂದೇ ಸಮ ತಿಕ್ಕು, ಸ್ವಲ್ಪ ತಿಕ್ಕಿ ಮತ್ತೆ ಮೊಳೆಯ ಮೇಲೆ ಅಳೆ. ಸಿಪ್ಪೆ ಪೂರ್ತಿ ಹೋಗುವಷ್ಟು ತಿಕ್ಕಬೇಡ.

ಯಲ್ಲಾಪುರದ ಹುಡುಗ

ಸರಿ ಮಾಸ್ತರ್ರೇ. ತೋಟದಲ್ಲಿ ಬಿದ್ದ ಬೈನೆ ಮರ ಇದೆ, ನಾಳೆ ಮೊನೆ ಕೆತ್ತುತ್ತೇನೆ. ಗರಿ ಇಲ್ಲದ ಕೋಲು ಹೊಡೆದು ಏನಾಯ್ತು ಅಂತ ಬರೆಯುತ್ತೇನೆ.